140 ಪ್ಯಾಕೇಜುಗಳಿಗೆ ಸಿಐ ಜಾಬ್ ಕೈಯಿಂದಲೇ ಮಾಡುತ್ತಿದ್ದೇನೆ, ಅನುಭವಸ್ಥರು ಹೇಳಿ

ಬಾಣೇರ್ ಹೊಸಬ
ಪುಣೆಗೆ ಬಂದು ಎಂಟು ತಿಂಗಳಾಯಿತು. ನಮ್ಮ ತಂಡದಲ್ಲಿ 140 ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಪ್ಯಾಕೇಜುಗಳಿವೆ. ಹೊಸದೊಂದು ಬಂದಾಗಲೆಲ್ಲ ಜೆಂಕಿನ್ಸ್‌ನಲ್ಲಿ (ಪ್ಯಾಕೇಜುಗಳನ್ನು ತಾನಾಗಿ ಕಟ್ಟುವ ನಮ್ಮ ಸಿಐ ಸರ್ವರ್) ಹಳೆಯ ಜಾಬನ್ನು, ಅಂದರೆ ಒಂದು ಪ್ಯಾಕೇಜನ್ನು ಹೇಗೆ ಕಟ್ಟಬೇಕೆಂಬ ಸೂಚನೆಯನ್ನು, ನಕಲಿಸಿ, ಹೆಸರನ್ನೂ ಗಿಟ್ ವಿಳಾಸವನ್ನೂ ತಿದ್ದುವುದು ನನ್ನ ಪಾಲಿನ ಕೆಲಸ. ಕಳೆದ ತಿಂಗಳು ಒಂದರಲ್ಲಿ ವಿಳಾಸ ತಿದ್ದಲು ಮರೆತೆ. ಎರಡು ಜಾಬುಗಳು ಹತ್ತು ದಿನ ಒಂದೇ ಪ್ಯಾಕೇಜನ್ನು ಕಟ್ಟುತ್ತ ಕುಳಿತವು, ಇನ್ನೊಂದು ಪ್ಯಾಕೇಜನ್ನು ಕೇಳುವವರೇ ಇರಲಿಲ್ಲ. ಒಂದು ಪಟ್ಟಿ ಕೊಟ್ಟರೆ ಜಾಬುಗಳು ತಾವಾಗಿಯೇ ಹುಟ್ಟುವಂತೆ ಮಾಡಿಕೊಂಡವರು ಹೇಗೆ ಮಾಡಿದಿರಿ? ಕೆಲವು ಪ್ಯಾಕೇಜುಗಳು ಇನ್ನು ಕೆಲವನ್ನು ಅವಲಂಬಿಸಿವೆ, ಆ ಕ್ರಮವೂ ತಪ್ಪಬಾರದು. ಜೆಂಕಿನ್ಸ್ ಸ್ಕ್ರಿಪ್ಟುಗಳ ಗ್ರೂವಿ ಭಾಷೆ ನನಗೆ ಬಾರದು, ಪೈಥಾನ್ ಅಲ್ಪಸ್ವಲ್ಪ.

ಹಿಂಜವಡಿ ಧಾರವಾಡ
ಜಾಬ್ ಡಿಎಸ್‌ಎಲ್, ಗ್ರೂವಿ ಸ್ಕ್ರಿಪ್ಟಿನಿಂದ ಜಾಬುಗಳನ್ನು ಹುಟ್ಟಿಸುವ ಜೆಂಕಿನ್ಸ್ ಪ್ಲಗಿನ್. ಎರಡನೆಯ ಮಾತಿಲ್ಲ. ಆದರೆ ನಾನು ಪಟ್ಟ ಪಾಡು ಓದಿ ಮುಂದುವರಿಯಿರಿ.

ನಮ್ಮಲ್ಲಿ 212 ಜಾಬುಗಳಿದ್ದವು. ಪಟ್ಟಿಯ ಕಡತವನ್ನು ಓದಿ ಒಂದು ಸೀಡ್ ಜಾಬ್ ಉಳಿದವನ್ನೆಲ್ಲ ಹೆರುತ್ತಿತ್ತು. ಪಟ್ಟಿಯಿಂದ ಹೆಸರು ಹೋದರೆ ಆ ಜಾಬನ್ನು ಏನು ಮಾಡಬೇಕು ಎಂದು ಅದು ಮೊದಲೇ ಕೇಳಿಕೊಂಡಿರುತ್ತದೆ: ಹಾಗೆಯೇ ಬಿಡಬೇಕೆ, ನಿಷ್ಕ್ರಿಯಗೊಳಿಸಬೇಕೆ, ಅಳಿಸಬೇಕೆ? ನಾನು ಅಚ್ಚುಕಟ್ಟಿನ ಮನುಷ್ಯ, ಅಳಿಸು ಎಂದಿದ್ದೆ. ಒಂದು ಗುರುವಾರ (ಪುಣೆಯವರಿಗೆ ಗುರುವಾರ ಎಂದರೆ ಗೊತ್ತಲ್ಲ, ಕರೆಂಟ್ ಇಲ್ಲದ ದಿನ) ಯಾರೋ ಅವಸರದಲ್ಲಿ ಮರ್ಜ್ ಮಾಡಿ ಪಟ್ಟಿಯನ್ನು ಹತ್ತೊಂಬತ್ತನೆಯ ಸಾಲಿಗೆ ತುಂಡರಿಸಿದರು. ಸೀಡ್ ಜಾಬಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಯಶಸ್ವಿ ಎಂದು ಮುಗಿಸಿತು. ನಾನು ಕೆಳಗೆ ಹೋಗಿ ವಡಾಪಾವ್ ತಿಂದು ಬರುವಷ್ಟರಲ್ಲಿ 212ರಲ್ಲಿ ಉಳಿದದ್ದು 19.

ಜಾಬುಗಳನ್ನು ಮರಳಿ ಹುಟ್ಟಿಸಲು ನಾಲ್ಕೇ ನಿಮಿಷ ಬೇಕಾಯಿತು. ಗ್ರಹಚಾರ ಶುರುವಾದದ್ದು ಆಮೇಲೆ. ನಾವು ಪ್ಯಾಕೇಜಿನ ಆವೃತ್ತಿಯ ಬಾಲಕ್ಕೆ ಬಿಲ್ಡ್ ಸಂಖ್ಯೆಯನ್ನು (ಜಾಬ್ ಓಡಿದ್ದು ಎಷ್ಟನೆಯ ಸಲ ಎಂಬುದನ್ನು) ಅಂಟಿಸುತ್ತಿದ್ದೆವು. ಹೊಸ ಜಾಬ್ ಎಂದರೆ ಸಂಖ್ಯೆ ಮತ್ತೆ 1ರಿಂದ. ಗ್ರಾಹಕರ ಯಂತ್ರದಲ್ಲಿ ಇದ್ದದ್ದು 1.4.2-587, ನಾವು ಕಳುಹಿಸಿದ್ದು 1.4.2-1. ಡೆಬಿಯನ್‌ನಲ್ಲಿ ಪ್ಯಾಕೇಜುಗಳನ್ನು ಹೊಸದಾಗಿಸುವ ಆಪ್ಟ್ ಇದನ್ನು ಹಳೆಯದೆಂದು ಬಗೆದು ಕಣ್ಣೆತ್ತಿಯೂ ನೋಡಲಿಲ್ಲ. ದೋಷವೆಂದೂ ಹೇಳಲಿಲ್ಲ. ಹದಿನಾರು ದಿನ ನಮ್ಮ ತಿದ್ದುಪಡಿಗಳು ಯಾರಿಗೂ ತಲುಪಲಿಲ್ಲ. ಕೊನೆಗೆ 193 ಜಾಬುಗಳ ಕೊನೆಯ ಬಿಲ್ಡ್ ಸಂಖ್ಯೆಯನ್ನು ಹಳೆಯ ಇಮೇಲ್‌ಗಳಿಂದ ಹೆಕ್ಕಿ ಹೆಕ್ಕಿ ಬರೆದೆ. ಎರಡು ಶನಿವಾರ, ಒಂದು ಭಾನುವಾರ, ಮಗಳ ಹುಟ್ಟುಹಬ್ಬ. ಇಷ್ಟಾದರೂ ಡಿಎಸ್‌ಎಲ್ ಬಿಟ್ಟಿಲ್ಲ. ಈಗ ನಿಷ್ಕ್ರಿಯ ಎಂದು ಇಟ್ಟಿದ್ದೇನೆ, ಅಷ್ಟೇ.

ಡೊಂಬಿವಲಿ ಅಕ್ಕ
ಪಟ್ಟಿ ತುಂಡಾದ ಮಾತ್ರಕ್ಕೆ 193 ಜಾಬ್ ಕಡಿದು ಹಾಕುವುದಾದರೆ ಅದು ಉಪಕರಣವಲ್ಲ, ಕೊಡಲಿ.

ನಾನು ಆರು ವರ್ಷದಿಂದ ಜೆಂಕಿನ್ಸ್ ಜಾಬ್ ಬಿಲ್ಡರ್ ಬಳಸುತ್ತಿದ್ದೇನೆ. ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶದವರು ತಮ್ಮ ಸಾವಿರಾರು ಜಾಬುಗಳಿಗಾಗಿ ಮಾಡಿಕೊಂಡದ್ದು ಅದು. ಯಾಮಲ್ ಎಂಬ ಸರಳ ಪಠ್ಯರೂಪದಲ್ಲಿ ಒಂದು ಮಾದರಿ, ಕೆಳಗೆ ಹೆಸರುಗಳ ಪಟ್ಟಿ. ಸರ್ವರನ್ನು ಮುಟ್ಟದೆ ಟೆಸ್ಟ್ ಆಜ್ಞೆ ಕೊಟ್ಟರೆ ಹುಟ್ಟಲಿರುವ ಎಕ್ಸ್‌ಎಂಎಲ್ (ಜೆಂಕಿನ್ಸ್ ಜಾಬನ್ನು ಬರೆದಿಡುವ ರೂಪ) ಎಲ್ಲವನ್ನೂ ಒಂದು ಫೋಲ್ಡರಿಗೆ ಸುರಿಯುತ್ತದೆ. ನಿನ್ನೆಯದರ ಪಕ್ಕದಲ್ಲಿಟ್ಟು ವ್ಯತ್ಯಾಸ ನೋಡಿದರೆ ಯಾವ ಜಾಬ್ ಹೋಗಲಿದೆ, ಯಾವುದು ಬದಲಾಗಲಿದೆ ಎಂಬುದು ಮೊದಲೇ ತಿಳಿಯುತ್ತದೆ. ಲೋಕಲ್ ರೈಲಿನಲ್ಲಿ ಬಾಗಿಲ ಬಳಿ ನಿಂತುಕೊಂಡೇ ಮೊಬೈಲಿನಲ್ಲಿ ಅದನ್ನು ಓದಿ ಒಪ್ಪಿಗೆ ಕೊಟ್ಟಿದ್ದೇನೆ.

ನಾನೂ ಪೆಟ್ಟು ತಿಂದಿದ್ದೇನೆ, ಮುಚ್ಚಿಡುವುದಿಲ್ಲ. ಪೈಥಾನ್ ಆವೃತ್ತಿಗಳನ್ನು 3.8, 3.9, 3.10 ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದೆ. ಯಾಮಲ್ ಅದನ್ನು ದಶಮಾಂಶ ಸಂಖ್ಯೆ ಎಂದುಕೊಂಡು ಕೊನೆಯ ಸೊನ್ನೆ ನುಂಗಿತು. 38 ಜಾಬುಗಳು ಪೈಥಾನ್ 3.1 ಹುಡುಕುತ್ತ ಬಿದ್ದವು. ಎರಡು ದಿನ ಜಾಬ್ ಓಡುವ ಕಂಟೇನರನ್ನು ಬೈದೆ. ಮತ್ತೊಂದು: ಯಾರಾದರೂ ಬ್ರೌಸರಿನಲ್ಲಿ ಜಾಬನ್ನು ಕೈಯಿಂದ ತಿದ್ದಿದರೆ ಬಿಲ್ಡರಿಗೆ ಗೊತ್ತಾಗುವುದಿಲ್ಲ. ತನ್ನ ಬಳಿಯ ನಕಲಿನಲ್ಲಿ ಏನೂ ಬದಲಾಗಿಲ್ಲವೆಂದು ಮುಂದೆ ಹೋಗುತ್ತದೆ. ಆ ನಕಲನ್ನು, ಅಂದರೆ ಕ್ಯಾಶೆಯನ್ನು, ಅಳಿಸಿ ಓಡಿಸಬೇಕು.

ಹಿಂಜವಡಿ ಧಾರವಾಡ
ಅಕ್ಕಾ, ಕೊಡಲಿ ಎಂದಿರಲ್ಲ. ಸೊನ್ನೆ ನುಂಗುವ ಭಾಷೆಯಲ್ಲಿ ಬರೆಯುವವರು ಹೇಳುವ ಮಾತೇ ಇದು? ನಿಮ್ಮ ಬಿಲ್ಡರಿನಲ್ಲಿಯೂ ಹಳೆಯದನ್ನು ಅಳಿಸುವ ಆಯ್ಕೆ ಇದೆ, ಅದೂ ಕೇಳದೆ ಅಳಿಸುತ್ತದೆ.

ಡೊಂಬಿವಲಿ ಅಕ್ಕ
ಇದೆ. ನಾನು ಬಳಸಿಲ್ಲ. ವ್ಯತ್ಯಾಸ ಅಲ್ಲಿದೆ.

ವೆರ್ಣಾ ಮಾಣಿ
ಇಬ್ಬರೂ ಸೊಳ್ಳೆ ಹೊಡೆಯಲು ಫಿರಂಗಿ ತಂದಿದ್ದೀರಿ. ನಾನು ಕಾರವಾರದವನು, ಈಗ ಗೋವೆಯ ವೆರ್ಣಾದಲ್ಲಿದ್ದೇನೆ. ನನ್ನ ಬಳಿ ಇರುವುದು 74 ಸಾಲಿನ ಒಂದು ಶೆಲ್ ಸ್ಕ್ರಿಪ್ಟ್. ಮಾದರಿ ಎಕ್ಸ್‌ಎಂಎಲ್ ಒಂದು, ಅದರಲ್ಲಿ @ವಿವರಣೆ@ ಎಂಬಂಥ ಗುರುತುಗಳು. ಪಠ್ಯ ತಿದ್ದುವ ಸೆಡ್ ಆಜ್ಞೆ ಗುರುತನ್ನು ತೆಗೆದು ಹೆಸರು ತುಂಬುತ್ತದೆ, ಜಾಲದ ಮೂಲಕ ಕಳುಹಿಸುವ ಕರ್ಲ್ ಅದನ್ನು ಜೆಂಕಿನ್ಸ್‌ಗೆ ಮುಟ್ಟಿಸುತ್ತದೆ. ಮುಗಿಯಿತು.

ಅದು ಎರಡೇ ಸಲ ಕೈಕೊಟ್ಟಿದೆ. ಒಂದು ಪ್ಯಾಕೇಜಿನ ವಿವರಣೆ ‘ಆಡಿಯೊ & ವಿಡಿಯೊ ಪರಿಕರ’ ಎಂದಿತ್ತು. ಸೆಡ್‌ನಲ್ಲಿ & ಎಂದರೆ ಈಗಷ್ಟೇ ಹುಡುಕಿ ತೆಗೆದ ಪದ. ಹಾಗಾಗಿ ‘ಆಡಿಯೊ @ವಿವರಣೆ@ ವಿಡಿಯೊ ಪರಿಕರ’ ಎಂದು ಬಂತು. ಅದಕ್ಕೊಂದು ಓರೆಗೆರೆ ಹಾಕಿ ತಪ್ಪಿಸಿಕೊಂಡರೆ ಬರಿಯ & ಕಂಡ ಎಕ್ಸ್‌ಎಂಎಲ್ ಮುನಿಸಿಕೊಂಡಿತು. ಇನ್ನೊಂದು ಸಲ, 2019ರಲ್ಲಿ, ಜೆಂಕಿನ್ಸ್ ತನ್ನ ಭದ್ರತೆಯ ಕ್ರಂಬ್ (ವಿನಂತಿ ಅಸಲಿ ಎಂದು ತೋರಿಸುವ ಚೀಟಿ) ಅನ್ನು ಸೆಷನ್‌ಗೆ ಕಟ್ಟಿಹಾಕಿದಾಗ ಸ್ಕ್ರಿಪ್ಟ್ ಪೂರ್ತಿ ನಿಂತಿತು. ಸ್ಕ್ರಿಪ್ಟುಗಳಿಗೆಂದೇ ಕೊಡುವ ರಹಸ್ಯ ಕೀಲಿ, ಎಪಿಐ ಟೋಕನ್, ಹಾಕಿದ ಮೇಲೆ ಸರಿಹೋಯಿತು.

ರಾತ್ರಿಯ ಬಿಲ್ಡುಗಳಲ್ಲಿ ಮಾತ್ರ ನಾನು ದಡ್ಡನಾದೆ. ಮಾದರಿಯಲ್ಲಿ ವೇಳೆಯನ್ನು 0 0 * * * (ಪ್ರತಿದಿನ, ನಿಮಿಷ 0, ಗಂಟೆ 0) ಎಂದು ಬರೆದಿದ್ದೆ. ಸರಿಯಾಗಿ ಹನ್ನೆರಡಕ್ಕೆ ಎಲ್ಲ ಜಾಬುಗಳೂ ಒಟ್ಟಿಗೆ ಎದ್ದವು. ಜುಲೈ ಮಳೆ, ಫೋನ್ ಹೊಡೆದುಕೊಂಡದ್ದು 12.20ಕ್ಕೆ, ರೇನ್‌ಕೋಟ್ ಹಾಕಿಕೊಂಡು ಸ್ಕೂಟರಿನಲ್ಲಿ ಕಚೇರಿಗೆ ಹೋಗಿ ಸರ್ವರನ್ನು ಕೈಯಾರೆ ಎಬ್ಬಿಸಿದೆ. ಆ ಎರಡು ಸೊನ್ನೆಗಳ ಜಾಗದಲ್ಲಿ ಎಚ್ ಅಕ್ಷರ ಹಾಕಿದರೆ ಜೆಂಕಿನ್ಸ್ ಜಾಬಿನ ಹೆಸರಿನಿಂದ ಲೆಕ್ಕ ಹಾಕಿ ಒಂದೊಂದಕ್ಕೆ ಒಂದೊಂದು ಹೊತ್ತು ಹಂಚುತ್ತದೆ ಎಂದು ಅಂದು ಗೊತ್ತಾಯಿತು.

ಐರೋಲಿ ರಾತ್ರಿಪಾಳಿ
ಎಲ್ಲರೂ ಜಾಬ್ ಹುಟ್ಟಿಸುವುದರಲ್ಲೇ ಇದ್ದೀರಿ. ಪ್ರತಿ ರೆಪಾಸಿಟರಿಯಲ್ಲಿ (ಗಿಟ್‌ನ ಕೋಡ್ ಭಂಡಾರ) ಒಂದು ಜೆಂಕಿನ್ಸ್‌ಫೈಲ್, ಅಂದರೆ ಹೇಗೆ ಕಟ್ಟಬೇಕೆಂದು ಬರೆದ ಕಡತ, ಇಡಿ, ಜೆಂಕಿನ್ಸ್‌ನ ಆರ್ಗನೈಸೇಷನ್ ಫೋಲ್ಡರಿಗೆ ಗಿಟ್‌ಹಬ್‌ನಲ್ಲಿರುವ ನಿಮ್ಮ ಸಂಸ್ಥೆಯ ಖಾತೆಯನ್ನು ತೋರಿಸಿ, ಉಳಿದದ್ದನ್ನು ಅದೇ ಹುಡುಕಿಕೊಳ್ಳುತ್ತದೆ.

ನನಗೆ ಇದು ಬಿಟ್ಟಿ ಸಿಕ್ಕ ಬುದ್ಧಿಯಲ್ಲ. ಮೊದಲ ದಿನ 260 ರೆಪಾಸಿಟರಿಗಳನ್ನು ತಡಕಿದ ಫೋಲ್ಡರ್ ಕಂಡ ಕಂಡ ಬ್ರಾಂಚನ್ನೆಲ್ಲ ಸರದಿಗೆ ನಿಲ್ಲಿಸಿತು, ಮೂರು ವರ್ಷದ ಹಿಂದೆ ಕೆಲಸ ಬಿಟ್ಟವರ ಬ್ರಾಂಚುಗಳನ್ನೂ. ಗಿಟ್‌ಹಬ್‌ನ ಗಂಟೆಗೆ 5,000 ವಿನಂತಿಗಳ ಮಿತಿ ಮುಗಿದು ಅರ್ಧ ದಾರಿಯಲ್ಲಿ ಕುಳಿತೆವು. ಸರದಿ ಬೆಳೆದಂತೆ ಬಾಡಿಗೆಯ ಯಂತ್ರಗಳು ತಾವಾಗಿ ಹೆಚ್ಚುವ ವ್ಯವಸ್ಥೆ ನಾನೇ ಮಾಡಿದ್ದೆ, ಗರಿಷ್ಠ ಮಿತಿ ಹಾಕಿರಲಿಲ್ಲ. ಒಂದು ರಾತ್ರಿಯ ಬಿಲ್ಲು 61,340 ರೂಪಾಯಿ. ಆ ಸಂಖ್ಯೆ ಇವತ್ತಿಗೂ ಬಾಯಿಪಾಠ, ಯಾಕೆಂದರೆ ಹನ್ನೊಂದು ಜನರ ಸಭೆಯಲ್ಲಿ ಅದನ್ನು ನನ್ನ ಬಾಯಿಂದಲೇ ಓದಿಸಿದರು.

ಹಿಂಜವಡಿ ಧಾರವಾಡ
140 ರೆಪಾಸಿಟರಿಗಳಲ್ಲಿ 140 ಜೆಂಕಿನ್ಸ್‌ಫೈಲ್ ಇಡುವವರು ಯಾರು? ಕೈಯಿಂದ ನಕಲಿಸುವುದೇ ತಾನೆ? ಹೊಸಬರ ರೋಗ ಅದೇ.

ಐರೋಲಿ ರಾತ್ರಿಪಾಳಿ
ಒಂದೇ ಸಾಲಿನ ಕಡತ, ಉಳಿದದ್ದೆಲ್ಲ ಎಲ್ಲವೂ ಹಂಚಿಕೊಳ್ಳುವ ಶೇರ್ಡ್ ಲೈಬ್ರರಿಯಲ್ಲಿ. ವಾರಕ್ಕೊಂದು ದಿನ ಕರೆಂಟ್ ಇಲ್ಲದ ಊರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲವೆಂದು ಕಾಣುತ್ತದೆ.

ಹಿಂಜವಡಿ ಧಾರವಾಡ
ಮಳೆ ಬಂದರೆ ರೈಲು ನಿಲ್ಲುವ ಊರಿನವರು ಹೇಳುತ್ತಿದ್ದಾರೆ, ಎಲ್ಲರೂ ಕೇಳಿಸಿಕೊಳ್ಳಿ.

ಮಾಟುಂಗಾ ಹಿರಿಯ
ಜಾಬ್, ಬಿಲ್ಡ್, ಬ್ರಾಂಚ್, ಮರ್ಜ್. ಸಿಐಯನ್ನು ನಿರಂತರ ಏಕೀಕರಣ ಎಂದು ಒಂದು ಸಲವಾದರೂ ಬರೆಯಲು ನಿಮಗೆಲ್ಲ ನಾಚಿಕೆಯೇ? ಮುಂಬಯಿಯಲ್ಲಿ ನಾವು ಮೂರು ತಲೆಮಾರು ಕನ್ನಡ ಉಳಿಸಿಕೊಂಡು ಬಂದದ್ದು ಇದಕ್ಕೇನು?

ವೆರ್ಣಾ ಮಾಣಿ
ಹಿರಿಯರೇ, ‘ನಿರಂತರ ಏಕೀಕರಣ ಬಿದ್ದಿದೆ’ ಎಂದು ಮಧ್ಯರಾತ್ರಿ ಫೋನ್ ಮಾಡಿದರೆ ಕರ್ನಾಟಕದ ಏಕೀಕರಣಕ್ಕೆ ಏನೋ ಆಗಿದೆ ಎಂದು ನಮ್ಮ ಅಪ್ಪ ಎದ್ದು ಕೂರುತ್ತಾರೆ.

ಬಾಣೇರ್ ಹೊಸಬ
ಎಲ್ಲರಿಗೂ ಕೃತಜ್ಞತೆಗಳು. ಅವಲಂಬನೆಯ ಕ್ರಮದ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಡೊಂಬಿವಲಿ ಅಕ್ಕ
ಪ್ಯಾಕೇಜಿನ ಕಂಟ್ರೋಲ್ ಕಡತದಲ್ಲಿ, ಕಟ್ಟಲು ಬೇರೆ ಯಾವ ಪ್ಯಾಕೇಜುಗಳು ಬೇಕೆಂದು ಹೇಳುವ ಬಿಲ್ಡ್-ಡಿಪೆಂಡ್ಸ್ ಸಾಲನ್ನು ಓದಿ, ಯಾವುದರ ನಂತರ ಯಾವುದು ಎಂದು ಯಾಮಲ್ ಬರೆದುಕೊಡುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ ನನ್ನ ಬಳಿ ಇದೆ. ನಿಮಗೆ ಬರುವ ಪೈಥಾನ್ ಅದಕ್ಕೆ ಸಾಕು. ವರ್ತುಲವಿದೆಯೇ ಎಂದು ಮೊದಲು ನೋಡಿ. ನಾನು ನೋಡಿರಲಿಲ್ಲ. ಎರಡು ಪ್ಯಾಕೇಜುಗಳು ಒಂದನ್ನೊಂದು ಅವಲಂಬಿಸಿದ್ದವು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ನೀನು ಎದ್ದೆಯಾ, ನೀನು ಎದ್ದೆಯಾ ಎಂದು ಒಂದನ್ನೊಂದು ಎಬ್ಬಿಸುತ್ತಲೇ ಇದ್ದವು. 1,126 ಬಿಲ್ಡುಗಳು, ಡಿಸ್ಕ್ ಪೂರ್ತಿ ಭರ್ತಿ. ಅಂದಹಾಗೆ, ನಿಮ್ಮ ರಾತ್ರಿಯ ಬಿಲ್ಡುಗಳಿಗೆ ವೇಳೆ ಏನಿಟ್ಟಿದ್ದೀರಿ?

ಬಾಣೇರ್ ಹೊಸಬ
ನಕಲಿಸಿದ ಹಳೆಯ ಜಾಬಿನಲ್ಲಿ ಏನಿತ್ತೋ ಅದೇ. ಈಗ ತೆರೆದು ನೋಡಿದೆ. 140ಕ್ಕೂ 0 0 * * *.

ವೆರ್ಣಾ ಮಾಣಿ
ರೇನ್‌ಕೋಟ್ ಇದೆಯೇ?