ಸಹಾಯ ಬೇಕು: ಆಲ್ಫ್ರೆಡ್ ಹಿಲ್ ಅವರ ‘ಕಾರ್ನಿವಲ್’ ಕ್ವಾರ್ಟೆಟ್‌ನ ಸ್ವರಲಿಪಿ

ಎಲ್ಲರಿಗೂ ನಮಸ್ಕಾರ. ಸಿಡ್ನಿಯಲ್ಲಿ ನಾವು ನಾಲ್ವರು ಸೇರಿ ಬಿಡುವಿನ ವೇಳೆಯಲ್ಲಿ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೋಗಾಗಿ ಬರೆದ ಕೃತಿ) ನುಡಿಸುತ್ತೇವೆ, ನನ್ನದು ವಿಯೋಲಾ. ಈ ಸಲ ಸಂಯೋಜಕ ಆಲ್ಫ್ರೆಡ್ ಹಿಲ್ ಅವರ ಮೂರನೆಯ ಕ್ವಾರ್ಟೆಟ್ ‘ಕಾರ್ನಿವಲ್’ ಅಭ್ಯಾಸ ಮಾಡುವ ಆಸೆ. ನಾಲ್ಕೂ ವಾದ್ಯಗಳ ಬಿಡಿ ಪ್ರತಿಗಳು ಯಾರ ಬಳಿಯಾದರೂ ಇವೆಯೇ? ಎರವಲು ಕೊಟ್ಟರೂ ಸಾಕು, ಕೊಳ್ಳುವ ದಾರಿ ತಿಳಿಸಿದರೂ ಸಾಕು.

ಹಿಲ್ ಮೆಲ್ಬರ್ನ್‌ನಲ್ಲಿ ಹುಟ್ಟಿ, ನ್ಯೂಜಿಲೆಂಡ್‌ನಲ್ಲಿ ಬೆಳೆದು, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಲಿತವರು. 1960ರಲ್ಲಿ ತೀರಿಕೊಳ್ಳುವ ಹೊತ್ತಿಗೆ 17 ಕ್ವಾರ್ಟೆಟ್‌ಗಳನ್ನು ಬರೆದಿದ್ದರು. ಯುರೋಪಿನ ಸಂಗೀತ ಎಷ್ಟೇ ಬದಲಾದರೂ ಹತ್ತೊಂಬತ್ತನೆಯ ಶತಮಾನದ ಸಂಯೋಜಕ ಡ್ವೊರಾಕ್ ಕಾಲದ ಮಾಧುರ್ಯವನ್ನು ಅವರು ಬಿಟ್ಟುಕೊಡಲಿಲ್ಲ. ಹಳೆಯ ಶೈಲಿ ಎಂದು ಬದಿಗಿಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ರಾಗ ಕಟ್ಟುವ ಆ ಕೈಗೆ ನಾನು ಸೋತುಹೋಗಿದ್ದೇನೆ.

ಇನ್ನೊಂದು ಕೋರಿಕೆ. ಇಳಿವಯಸ್ಸಿನಲ್ಲಿ ಹಿಲ್ ತಮ್ಮ ಹಲವು ಕ್ವಾರ್ಟೆಟ್‌ಗಳನ್ನು ಸಿಂಫನಿಗಳಾಗಿ, ಅಂದರೆ ಇಡೀ ವಾದ್ಯವೃಂದ ನುಡಿಸುವ ಕೃತಿಗಳಾಗಿ, ವಿಸ್ತರಿಸಿದರು. ಐದನೆಯ ಸಿಂಫನಿ ಇದೇ ‘ಕಾರ್ನಿವಲ್’ನಿಂದ ಬಂದದ್ದು. ಎರಡನ್ನೂ ನುಡಿಸಿದವರು ಅಥವಾ ಹತ್ತಿರದಿಂದ ಕೇಳಿದವರು ಇದ್ದರೆ, ವಾದ್ಯವೃಂದದ ರೂಪದಲ್ಲಿನ ಲಯ ಮತ್ತು ಒತ್ತುಗಳನ್ನು ನಾಲ್ಕು ವಾದ್ಯಗಳಿಗೆ ಎಷ್ಟರ ಮಟ್ಟಿಗೆ ತರಬಹುದು ಎಂಬುದನ್ನು ದಯವಿಟ್ಟು ತಿಳಿಸಿ. ಡೊಮಿನಿಯನ್ ಕ್ವಾರ್ಟೆಟ್ ತಂಡದವರು ನ್ಯಾಕ್ಸೋಸ್ ಧ್ವನಿಮುದ್ರಣ ಸಂಸ್ಥೆಗಾಗಿ ನುಡಿಸಿದ ಧ್ವನಿಮುದ್ರಿಕೆ ನಮ್ಮಲ್ಲಿದೆ, ಆದರೆ ಕೇಳುವುದೇ ಬೇರೆ, ಬಿಲ್ಲು ಹಿಡಿದು ಕೂರುವುದೇ ಬೇರೆ.

ವೆಲಿಂಗ್ಟನ್‌ನಲ್ಲಿರುವ ಕನ್ನಡಿಗರು ಯಾರಾದರೂ ಅಲ್ಲಿನ ಗ್ರಂಥಾಲಯಗಳಲ್ಲಿ ವಿಚಾರಿಸಿಕೊಟ್ಟರೆ ದೊಡ್ಡ ಉಪಕಾರ. ಪ್ರತಿ ಮಾಡಿಸುವ ಮತ್ತು ಅಂಚೆಯ ಖರ್ಚು ನಮ್ಮದು.