ರೋಹು ಮರಿಗಳಿಗೆ ಪಾಚಿಯಲ್ಲಿ ಲಸಿಕೆ: ಎಲ್ಲೆಲ್ಲಿ ಎಚ್ಚರ ಬೇಕು?

ಪ್ರಶ್ನೆ: ಕ್ಲಾಮಿಡೊಮೊನಾಸ್ ಪಾಚಿಯ ಕ್ಲೋರೋಪ್ಲಾಸ್ಟಿನಲ್ಲಿ ಮೀನಿಗೆ ರೋಗ ತರುವ ಬ್ಯಾಕ್ಟೀರಿಯಾ ಏರೊಮೊನಾಸ್ ಹೈಡ್ರೋಫಿಲಾದ ಹೊರಪೊರೆ ಪ್ರೋಟೀನ್ ತಯಾರಿಸಿ, ಲ್ಯಾಬಿನ ತೊಟ್ಟಿಯಲ್ಲಿರುವ ರೋಹು ಮರಿಗಳಿಗೆ ಮೇವಿನಲ್ಲಿ ಕೊಡುವ ಯೋಜನೆಯಿದೆ. ಕೈಯಲ್ಲಿರುವುದು ಟಿಎನ್72 ತಳಿ. ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಪಾಚಿ ಕೆಲಸದವರು: ಟಿಎನ್72ರಲ್ಲಿ ಪಿಎಸ್‌ಬಿಎಚ್ ಜೀನ್ ಇಲ್ಲ, ಹಾಗಾಗಿ ಅದು ದ್ಯುತಿಸಂಶ್ಲೇಷಣೆ ನಡೆಸಲಾರದು, ಅಸಿಟೇಟ್ ಎಂಬ ಆಹಾರ ಕೊಟ್ಟರಷ್ಟೇ ಬೆಳೆಯುತ್ತದೆ. ನಿಮ್ಮ ಜೀನಿನ ಜೊತೆ ಅದನ್ನೂ ಸೇರಿಸಿ, ಗಾಜಿನ ಮಣಿಗಳೊಂದಿಗೆ ಕುಲುಕಿ, ಅಸಿಟೇಟ್ ಇಲ್ಲದ ಅಗರ್ ಮೇಲೆ ಬೆಳಕಿನಲ್ಲಿಡಿ. ಜೀನ್ ಪಡೆದ ಕೋಶಗಳಷ್ಟೇ ಬೆಳೆಯುತ್ತವೆ. ಹೀಗೆ ಆರಿಸಿದರೆ ಮೀನಿನ ಮೇವಿಗೆ ಆಂಟಿಬಯೋಟಿಕ್ ನಿರೋಧಕ ಜೀನ್ ಸೇರುವುದಿಲ್ಲ, ನನಗೆ ಇದೇ ಮುಖ್ಯ. ಆದರೆ ಈ ತಳಿಗೆ ಕೋಶಭಿತ್ತಿಯಿಲ್ಲ. ಒಣಪುಡಿ ನೆನೆದೊಡನೆ ಪ್ರೋಟೀನ್ ನೀರಿಗೆ ಸೋರಬಹುದು. ಭಿತ್ತಿಯಿರುವ ತಳಿಗೆ ಜೀನ್ ಗನ್ (ಡಿಎನ್‌ಎ ಲೇಪಿಸಿದ ಲೋಹದ ಕಣಗಳನ್ನು ಕೋಶದೊಳಗೆ ಹಾರಿಸುವ ಸಾಧನ) ಹಿಡಿಯುವುದೇ ಸರಿ. ಒಂದು ಕೋಶದಲ್ಲಿ ಕ್ಲೋರೋಪ್ಲಾಸ್ಟ್ ಡಿಎನ್‌ಎಯ ಸುಮಾರು 80 ಪ್ರತಿಗಳಿದ್ದು, ಎಲ್ಲವೂ ಬದಲಾಗಬೇಕಾದ್ದರಿಂದ, ಒಂಟಿ ಕಾಲೊನಿಯನ್ನು ಮೂರು ನಾಲ್ಕು ಸಲ ಹೊಸ ಪ್ಲೇಟಿಗೆ ಎಳೆಯಿರಿ. ಪಿಸಿಆರ್‌ನಲ್ಲಿ ಹಳೆಯ (ನಿಮ್ಮ ಜೀನ್ ಸೇರದ) ಡಿಎನ್‌ಎಯ ಬ್ಯಾಂಡ್ ಪೂರ್ತಿ ಮಾಯವಾಗದೆ ಮುಂದೆ ಹೋಗಬೇಡಿ.

ಮೇವು ತಯಾರಿಸುವವರು: ಪಾಚಿ ಪುಡಿಯನ್ನು ಹಿಟ್ಟಿಗೆ ಬೆರೆಸಿ, ಮೇವಿನ ಗುಳಿಗೆ (ಪೆಲೆಟ್) ಒತ್ತುವ ಯಂತ್ರವಾದ ಎಕ್ಸ್‌ಟ್ರೂಡರ್‌ಗೆ ಹಾಕಿದರೆ ಬಿಸಿಗೆ ಆಂಟಿಜೆನ್ (ಲಸಿಕೆಯಾಗುವ ಆ ಪ್ರೋಟೀನ್) ಕೆಡುತ್ತದೆ. ಫ್ರೀಜ್ ಡ್ರೈ ಮಾಡಿದ ಪುಡಿಯನ್ನು ಪೂರ್ತಿ ತಣಿದ ಪೆಲೆಟ್ ಮೇಲೆ ಲೇಪಿಸಿ: 1 ಕೆಜಿಗೆ 50 ಗ್ರಾಂ ಪುಡಿ, 30 ಮಿಲಿ ಮೀನೆಣ್ಣೆ. ಎಣ್ಣೆಯಲ್ಲಿ ಮುಕ್ಕಾಲು ಭಾಗ ಪುಡಿಯೊಂದಿಗೆ, ಉಳಿದದ್ದು ಮೇಲಿನ ಮುಚ್ಚುಪದರಕ್ಕೆ. ಲೇಪಿಸಿದ ಪೆಲೆಟ್ಟನ್ನು ಹತ್ತು ನಿಮಿಷ ನೀರಿನಲ್ಲಿಟ್ಟು, ಆಂಟಿಜೆನ್ ಎಷ್ಟು ಉಳಿಯಿತೆಂದು, ಪ್ರೋಟೀನ್ ಗುರುತಿಸುವ ಪರೀಕ್ಷೆಯಾದ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಿ. ಸೋರಿದ್ದರೆ ಆಲ್ಜಿನೇಟ್ (ಕಡಲಪಾಚಿಯ ಅಂಟು) ಪದರ ಕೊಡಿ.

ಡೋಸ್ ಲೆಕ್ಕ ಹೀಗೆ: ಪುಡಿಯಲ್ಲಿ ಕರಗುವ ಪ್ರೋಟೀನ್ ಶೇ 20, ಅದರಲ್ಲಿ ಆಂಟಿಜೆನ್ ಶೇ 1 ಎಂದಿಟ್ಟುಕೊಳ್ಳಿ, 1 ಗ್ರಾಂ ಪುಡಿಗೆ 2 ಮಿಲಿಗ್ರಾಂ. 20 ಗ್ರಾಂ ತೂಕದ ಮರಿ ದಿನಕ್ಕೆ 0.6 ಗ್ರಾಂ ಮೇವು ತಿಂದರೆ ಹತ್ತಿರಹತ್ತಿರ 60 ಮೈಕ್ರೋಗ್ರಾಂ ಆಂಟಿಜೆನ್ ಹೊಟ್ಟೆ ಸೇರುತ್ತದೆ. ನಿಮ್ಮ ಪುಡಿಯನ್ನು ಅಳೆದು ಅಂಕಿ ಬದಲಿಸಿಕೊಳ್ಳಿ.

ಮೀನು ರೋಗ ವಿಭಾಗದವರು: ರೋಹುವಿಗೆ ಜಠರವೇ ಇಲ್ಲ, ಹಾಗಾಗಿ ಆಮ್ಲದ ಕಾಟವಿಲ್ಲ, ಕರುಳಿನ ಕಿಣ್ವಗಳನ್ನು ದಾಟಿ ಆಂಟಿಜೆನ್ ಅನ್ನು ಹೀರಿಕೊಳ್ಳುವ ಹಿಂಗರುಳು ಮುಟ್ಟಿದರೆ ಸಾಕು. ಜಠರವಿರುವ ತಿಲಾಪಿಯಾದ ಡೋಸನ್ನು ಇಲ್ಲಿಗೆ ತರಬೇಡಿ. ದಿನವೂ ಬಿಡದೆ ತಿನ್ನಿಸಿದರೆ ಮೀನಿನ ದೇಹ ಆ ಪ್ರೋಟೀನನ್ನು ಸಹಿಸಿಕೊಂಡುಬಿಡುವ ಅಪಾಯವಿದೆ. ಒಂದು ವಾರ ಕೊಟ್ಟು, ಮೂರು ವಾರ ಬಿಟ್ಟು, ಮತ್ತೊಂದು ವಾರ ಕೊಡಿ.

ಬರೀ ಮೇವಿನ ಗುಂಪಿನ ಜೊತೆಗೆ, ಆಂಟಿಜೆನ್ ಇಲ್ಲದ ಪಾಚಿ ತಿಂದ ಗುಂಪೂ ಇರಲೇಬೇಕು. ಪಾಚಿ ತಾನಾಗಿಯೇ ರೋಗನಿರೋಧಕ ಶಕ್ತಿಯನ್ನು ಕೆರಳಿಸಬಲ್ಲದು. ರೋಗಾಣು ಚುಚ್ಚಿದಾಗ ಆ ಪಾಚಿ ಗುಂಪಿನಲ್ಲಿ ಶೇ 60, ಲಸಿಕೆ ಗುಂಪಿನಲ್ಲಿ ಶೇ 24 ಸತ್ತರೆ, ರಕ್ಷಣೆ (60 − 24) ÷ 60, ಅಂದರೆ ಶೇ 60.

ಪಾಚಿ ಕೆಲಸದವರು: ಒಂದು ಮಾತು ಬಿಟ್ಟುಹೋಗಿತ್ತು. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಸಿಗುವ ಮುಂಚೆ ಏನನ್ನೂ ಶುರುಮಾಡಬೇಡಿ. ಪ್ರತಿ ಬ್ಯಾಚ್ ಪುಡಿಯನ್ನು ಅಸಿಟೇಟ್ ಇರುವ ಟ್ಯಾಪ್ ಅಗರ್ ಮೇಲೆ ಹರಡಿ ಎರಡು ವಾರ ಕಾಯಿರಿ; ಬದುಕಿರುವ ಪಾಚಿಯ ಒಂದೇ ಒಂದು ಹಸಿರು ಚುಕ್ಕೆ ಕಂಡರೂ ಆ ಬ್ಯಾಚ್ ಒತ್ತಡದ ಹಬೆಯಲ್ಲಿ ಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ಗೆ.