ಪ್ರಾಡಕ್ಟ್ ರೂಲ್: ಬೇರೆ ಬೇರೆ ಡಿಫರೆನ್ಶಿಯೇಟ್ ಮಾಡಿ ಗುಣಿಸಿದರೆ ಯಾಕೆ ತಪ್ಪು?

ಪ್ರಶ್ನೆ (ಸೆಕೆಂಡ್ ಪಿಯು ವಿದ್ಯಾರ್ಥಿನಿ):
ನಮಸ್ಕಾರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ನಿನ್ನೆ ಟೆಸ್ಟ್‌ನಲ್ಲಿ ಎಕ್ಸ್² ಸೈನ್ ಎಕ್ಸ್‌ನ ಡೆರಿವೇಟಿವ್ (ಎಕ್ಸ್ ಚೂರು ಹೆಚ್ಚಿದರೆ ಅದು ಎಷ್ಟು ವೇಗವಾಗಿ ಬದಲಾಗುತ್ತದೆ ಅನ್ನೋದು) ಕೇಳಿದ್ದರು. 2ಎಕ್ಸ್ ಕಾಸ್ ಎಕ್ಸ್ ಅಂತ ಬರೆದೆ, ಮಾರ್ಕ್ಸ್ ಪೂರ್ತಿ ಹೋಯ್ತು. ಸೂತ್ರ ಈಗ ಬಾಯಿಪಾಠ ಆಗಿದೆ. ಆದರೆ ಕೂಡಿಸಿದ್ದನ್ನು ಬೇರೆ ಬೇರೆ ಮಾಡಬಹುದು, ಗುಣಿಸಿದ್ದನ್ನು ಯಾಕೆ ಮಾಡಬಾರದು?

ಉತ್ತರ 1:
ಎಕ್ಸ್² ಅಂದರೆ ಎಕ್ಸ್ × ಎಕ್ಸ್ ಅಲ್ವಾ? ಎಕ್ಸ್‌ನ ಡೆರಿವೇಟಿವ್ 1. ನಿಮ್ಮ ದಾರಿಯಲ್ಲೇ ಮಾಡಿ: 1 × 1 = 1. ಬರಬೇಕಾದದ್ದು 2ಎಕ್ಸ್.

ಉತ್ತರ 2 (ನಿವೃತ್ತ ಗಣಿತ ಉಪನ್ಯಾಸಕಿ):
ಅದು ತಪ್ಪು ಅಂತ ತೋರಿಸಿತು. ಯಾಕೆ ಅನ್ನೋದಕ್ಕೆ ನಮ್ಮಮ್ಮನ ಹಾಲಿನ ಲೆಕ್ಕ ಹೇಳ್ತೀನಿ, ನೋಡಮ್ಮ.

ದಿನಕ್ಕೆ 10 ಲೀಟರ್ ಹಾಲು, ಲೀಟರಿಗೆ 40 ರೂಪಾಯಿ ಅಂದುಕೋ. 400 ಆಯ್ತು. ಹಾಲು 1 ಲೀಟರ್, ದರ 2 ರೂಪಾಯಿ ಜಾಸ್ತಿಯಾದರೆ 11 × 42 = 462. ಈ 62 ಎಲ್ಲಿಂದ ಬಂತು? ಹೆಚ್ಚಿದ ಹಾಲಿಗೆ ಹಳೆ ದರ, 40. ಹಳೆ ಹಾಲಿಗೆ ಹೆಚ್ಚಿದ ದರ, 20. ಹೆಚ್ಚಿದ ಹಾಲಿಗೆ ಹೆಚ್ಚಿದ ದರ, 2.

ಈಗ ಹೆಚ್ಚಳವನ್ನು ಹತ್ತನೇ ಒಂದು ಭಾಗ ಮಾಡು. 4 ರೂಪಾಯಿ, 2 ರೂಪಾಯಿ, ಬರೀ 2 ಪೈಸೆ. ಮೊದಲೆರಡು ಹತ್ತು ಪಟ್ಟು ಇಳಿದವು, ಕೊನೆಯದು ನೂರು ಪಟ್ಟು. ಇನ್ನೂ ಚಿಕ್ಕದು ಮಾಡುತ್ತಾ ಹೋದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಉಳಿಯುವ ಎರಡೇ ಪ್ರಾಡಕ್ಟ್ ರೂಲ್. ನೀನು 6 ರೂಪಾಯಿ ಬಿಟ್ಟು 2 ಪೈಸೆ ಇಟ್ಟುಕೊಂಡೆ!

ನಿನ್ನ ಲೆಕ್ಕದಲ್ಲಿ ಎಕ್ಸ್² ಹಾಲು, ಸೈನ್ ಎಕ್ಸ್ ದರ. ಹಾಲಿನ ಡೆರಿವೇಟಿವ್ 2ಎಕ್ಸ್, ದರದ್ದು ಕಾಸ್ ಎಕ್ಸ್. ಹಾಗಾಗಿ 2ಎಕ್ಸ್ ಸೈನ್ ಎಕ್ಸ್ + ಎಕ್ಸ್² ಕಾಸ್ ಎಕ್ಸ್.

ಬೇಜಾರು ಮಾಡ್ಕೋಬೇಡ. ಕ್ಯಾಲ್ಕುಲಸ್ ಕಟ್ಟಿದ ಲೈಬ್ನಿಟ್ಸ್‌ಗೂ 1675ರ ನವೆಂಬರ್‌ನಲ್ಲಿ ಇದೇ ಅನುಮಾನ ಬಂದಿತ್ತು. ತನ್ನ ಟಿಪ್ಪಣಿಯಲ್ಲಿ ಇದನ್ನೇ ಕೇಳಿಕೊಂಡಿದ್ದಾನೆ. ಅದೇ ತಿಂಗಳು ಸರಿಯಾದ ನಿಯಮ ಸಿಕ್ಕಿತು. 1684ರಲ್ಲಿ ಅಚ್ಚಾಯಿತು. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಯಾರಾದರೂ ಇದನ್ನು ಕೇಳುತ್ತಿದ್ದರು. ಕೇಳಿದವರನ್ನು ಕಂಡರೆ ನನಗೆ ತುಂಬಾ ಖುಷಿ.

ಪ್ರಶ್ನೆ ಕೇಳಿದವರು:
ಮೇಡಂ, ಆ 2 ಪೈಸೆಯಲ್ಲಿ ಎಲ್ಲಾ ಅರ್ಥ ಆಯ್ತು. ಮೂರು ಫಂಕ್ಷನ್ ಗುಣಿಸಿದ್ದರೆ?

ಉತ್ತರ 2:
ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಉಳಿದೆರಡು ಹಾಗೇ ಇರಲಿ. ಆಮೇಲೆ ಮೂರನ್ನೂ ಕೂಡಿಸು. ಎಕ್ಸ್ × ಎಕ್ಸ್ × ಎಕ್ಸ್ ಮಾಡಿ ನೋಡು.

ಪ್ರಶ್ನೆ ಕೇಳಿದವರು:
ಎಕ್ಸ್² ಮೂರು ಸಲ ಬಂತು. 3ಎಕ್ಸ್²! ಎಕ್ಸ್³ಗೆ ಬಾಯಿಪಾಠ ಮಾಡಿದ ಉತ್ತರ ಇದೇ ಅಲ್ವಾ ಮೇಡಂ?

ಉತ್ತರ 2:
ಹೌದು ಕಣಮ್ಮ. ಈಗ ನಾಲ್ಕು ಎಕ್ಸ್ ಇಟ್ಟು ಮಾಡು.